ಘಾಟಿ ಹತ್ತುವಾಗ ಕಾರು ಎಳೆಯಲ್ಲ: ಇಜಿಆರ್ ವಾಲ್ವ್ ಬದಲಾಯಿಸಲೇಬೇಕಾ?

ಪ್ರಶ್ನೆ (ತೀರ್ಥಹಳ್ಳಿಯಿಂದ): ಅಣ್ಣಾ, ನಂದು 2016ರ ಡೀಸೆಲ್ ಕಾರು, 92,000 ಕಿ.ಮೀ. ಓಡಿದೆ. ದಿನಾ ಮನೆಯಿಂದ ಪೇಟೆಗೆ ನಾಲ್ಕು ಕಿ.ಮೀ. ಅಷ್ಟೇ ಓಡಾಟ. ಹೋದ ವಾರ ಉಡುಪಿಯಿಂದ ಬರುವಾಗ ಆಗುಂಬೆ ಘಾಟಿಯಲ್ಲಿ ಪಿಕಪ್ಪೇ ಇಲ್ಲ, ಹಿಂದೆ ಕಪ್ಪು ಹೊಗೆ, ಇಂಜಿನ್ ಲೈಟ್ ಬೇರೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0401 ಅನ್ನುವ ದೋಷದ ಕೋಡ್ ಬಂತು. ಇಜಿಆರ್ ವಾಲ್ವ್ ಹೋಗಿದೆ, ಹೊಸದು ಹಾಕಬೇಕು ಅಂದರು. ಹಾಕಿಸಲಾ?

ಉತ್ತರ (ಮೆಕ್ಯಾನಿಕ್, ಶಿವಮೊಗ್ಗ): ಸ್ವಲ್ಪ ತಡೀರಿ ಮಾರಾಯ್ರೆ. ಸುಟ್ಟ ಹೊಗೆಯಲ್ಲಿ ಒಂದಿಷ್ಟನ್ನು ಇಂಜಿನ್ನಿಗೆ ವಾಪಸ್ ಬಿಡುವುದು ಇಜಿಆರ್ ಕೆಲಸ. ಅದರಿಂದ ಒಳಗಿನ ಉರಿಯ ಬಿಸಿ ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡ್ ಅನ್ನುವ ವಿಷದ ಅನಿಲ ಕಡಿಮೆ ಹುಟ್ಟುತ್ತದೆ. ಪಿ0401 ಅಂದರೆ ಆ ಹೊಗೆ ಸಾಕಷ್ಟು ಹೋಗುತ್ತಿಲ್ಲ ಅಂತ ಅಷ್ಟೇ. ವಾಲ್ವ್ ಹೋಗಿದೆ ಅಂತ ಅಲ್ಲ.

ವಾಲ್ವ್ ತೆರೆದೇ ಸಿಕ್ಕಿಕೊಂಡರೂ ಕಪ್ಪು ಹೊಗೆ ಬರುತ್ತದೆ. ಆದರೆ ಆಗ ಸಾಮಾನ್ಯವಾಗಿ ಬರುವುದು ಪಿ0402, ಹೊಗೆ ಜಾಸ್ತಿ ಹೋಗುತ್ತಿದೆ ಅಂತ. ನಿಮ್ಮದು ಉಲ್ಟಾ, ಅಲ್ವಾ? ಹಾಗಾಗಿ ನನಗೆ ಮೊದಲು ಅನುಮಾನ ಟರ್ಬೊ ಪೈಪಿನ ಮೇಲೆ, ಅಂದರೆ ಟರ್ಬೊ ಒತ್ತಿದ ಗಾಳಿಯನ್ನು ಇಂಜಿನ್ನಿಗೆ ಒಯ್ಯುವ ಪೈಪ್. ಏರ್‌ಫ್ಲೋ ಸೆನ್ಸರ್ (ಒಳಗೆ ಬರುವ ಹೊಸ ಗಾಳಿಯನ್ನು ಅಳೆಯುವುದು) ದಾಟಿದ ಮೇಲೆ ಪೈಪ್ ಸೀಳಿದ್ದರೆ, ಅಳೆದ ಗಾಳಿ ಇಂಜಿನ್ನಿಗೆ ತಲುಪದೆ ಹೊರಗೆ ಹೋಗುತ್ತದೆ. ಸೆನ್ಸರ್ ಲೆಕ್ಕದಲ್ಲಿ ಹೊಸ ಗಾಳಿ ಜಾಸ್ತಿ ಕಾಣುತ್ತದೆ. ವಾಪಸ್ ಹೊಗೆ ಕಡಿಮೆ ಇದೆ ಅಂತ ಕಂಪ್ಯೂಟರ್ ತಪ್ಪು ತಿಳಿಯುತ್ತದೆ. ಏರು ಹತ್ತುವಾಗ ಗಾಳಿ ಸಾಲದೆ ಕಪ್ಪು ಹೊಗೆ. ಪೈಪಿನ ಜಾಯಿಂಟುಗಳಲ್ಲಿ ಎಣ್ಣೆ ಒಸರಿದೆಯಾ ನೋಡಿ. ಆಕ್ಸಿಲರೇಟರ್ ಕೊಟ್ಟಾಗ ಬುಸ್ ಅನ್ನುವ ಸದ್ದು ಇದೆಯಾ ಕೇಳಿ.

ಪೈಪ್ ಸರಿ ಇದ್ದರೆ ಇನ್ನೊಂದು ಪರೀಕ್ಷೆ. ಇಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಬಿಟ್ಟು, ಸ್ಕ್ಯಾನರಿನಿಂದಲೇ ವಾಲ್ವ್ ತೆರೆಸಲು ಹೇಳಿ. ಹೊಗೆ ಒಳಗೆ ಹೋದರೆ ಅಷ್ಟು ಹೊಸ ಗಾಳಿಗೆ ಜಾಗ ಇರಲ್ಲ, ಹಾಗಾಗಿ ಏರ್‌ಫ್ಲೋ ಸೆನ್ಸರಿನ ಅಂಕಿ ಇಳಿಯಲೇಬೇಕು.

ಪ್ರಶ್ನೆ (ಅದೇ ತೀರ್ಥಹಳ್ಳಿ): ಮಾಡಿಸಿದೆ ಅಣ್ಣಾ. ಪೈಪ್ ಚೆನ್ನಾಗಿದೆ, ಏರ್‌ಫ್ಲೋ ಸೆನ್ಸರನ್ನೂ ಚೆಕ್ ಮಾಡಿದರು, ಸರಿ ಇದೆ. ವಾಲ್ವ್ ತೆರೆದು ಮುಚ್ಚುತ್ತದೆ, ಆದರೆ ಅಂಕಿ ಅಲ್ಲಾಡಲೇ ಇಲ್ಲ.

ಉತ್ತರ: ಹಾಗಾದರೆ ವಾಲ್ವ್ ಹೋಗಿಲ್ಲ, ಹೊಗೆ ವಾಪಸ್ ಹೋಗುವ ದಾರಿ ಕಟ್ಟಿದೆ. ನಾಲ್ಕು ಕಿ.ಮೀ.ಗೆ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಹೊಗೆಯ ಮಸಿಯೂ ಎಣ್ಣೆಯ ಆವಿಯೂ ಸೇರಿ ಟಾರಿನ ಹಾಗೆ ಅಂಟುತ್ತದೆ. ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಭಾಗ) ತನಕ ಬಿಚ್ಚಿಸಿ ನೋಡಿ. ಅಲ್ಲೂ ಮಸಿ ತುಂಬಿದ್ದರೆ ಘಾಟಿಯಲ್ಲಿ ಎಳೆಯದೇ ಇದ್ದದ್ದಕ್ಕೂ ಅದೇ ಕಾರಣ. ವಾಲ್ವ್, ಇಜಿಆರ್ ಪೈಪ್, ಮ್ಯಾನಿಫೋಲ್ಡ್ ಮೂರನ್ನೂ ತೊಳೆಸಿ. ವಾಲ್ವಿನ ಮೋಟರ್ ಭಾಗಕ್ಕೆ ಕ್ಲೀನರ್ ತಾಗದಂತೆ ನೋಡಿಕೊಳ್ಳಲಿ. ಗ್ಯಾಸ್ಕೆಟ್ ಹೊಸದೇ ಹಾಕಿಸಿ, ಹಳೆಯದನ್ನು ಕೂರಿಸಿದರೆ ಲೀಕ್ ಆಗುತ್ತದೆ.

ಪ್ರಶ್ನೆ (ಸಾಗರದಿಂದ): ಸಾರ್, ತಗಡು ಹಾಕಿ ಇಜಿಆರ್ ಮುಚ್ಚಿಸಿಬಿಟ್ಟರೆ ಮಸಿಯ ಕಾಟವೇ ಇರಲ್ಲ ಅಂತಾರೆ?

ಉತ್ತರ: ಮಸಿ ಕಡಿಮೆಯಾಗುತ್ತದೆ, ನಿಜ. ಆದರೆ ವಿಷದ ಹೊಗೆ ಜಾಸ್ತಿಯಾಗುತ್ತದೆ, ಅದು ನಾವೇ ಉಸಿರಾಡುವ ಗಾಳಿ. ಲೈಟೂ ಮತ್ತೆ ಬರುತ್ತದೆ. ನಾನಂತೂ ಯಾರಿಗೂ ಹಾಕಿಕೊಡುವುದಿಲ್ಲ.

ಪ್ರಶ್ನೆ (ಸಾಗರ): ನನ್ನದರಲ್ಲಿ ಕೂಲೆಂಟ್ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ. ಕೆಳಗೆ ಒಂದು ಹನಿಯೂ ಬಿದ್ದಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇರಬಹುದು. ವಾಪಸ್ ಹೋಗುವ ಹೊಗೆಯನ್ನು ಕೂಲೆಂಟಿನಿಂದ ತಣಿಸುವ ಇಜಿಆರ್ ಕೂಲರ್ ಒಳಗೇ ಸೋರುತ್ತಿದ್ದರೆ ಹೀಗಾಗುತ್ತದೆ. ಬಿಳಿ ಹೊಗೆಯೂ ಬರುತ್ತಿದೆಯಾ? ಬರುತ್ತಿದ್ದರೆ ಕೂಲರಿಗೆ ಪ್ರೆಷರ್ ಟೆಸ್ಟ್ ಮಾಡಿಸುವ ತನಕ ದೂರ ಓಡಿಸಬೇಡಿ.