ಸುಲಭಕ್ಕೆ ಬೀಳದ ಯೋಧನನ್ನು ಕಟ್ಟುವುದು ಹೇಗೆ? (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೊದಲನೆಯ ಹಂತ)

ಘಟ್ಟದ ದಾರಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಾವು ಐದು ಮಂದಿ ಈ ಮಳೆಗಾಲ ಹಿಡಿದಾಗಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಒಬ್ಬರ ಮನೆಯ ಜಗಲಿಯಲ್ಲಿ ಕುಳಿತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬರು ಕಥೆ ನಡೆಸಿ, ಉಳಿದವರು ತಲಾ ಒಂದು ಪಾತ್ರ ವಹಿಸಿ ದಾಳ ಉರುಳಿಸುವ ಆಟ) ಆಡುತ್ತಿದ್ದೇವೆ. ಐದನೆಯ ಆವೃತ್ತಿಯ 2014ರ ನಿಯಮಗಳನ್ನು ಅನುಸರಿಸುತ್ತೇವೆ. ಆಟ ನಡೆಸುವ ಅಕ್ಕ ತೀರ್ಥಹಳ್ಳಿ ಕಡೆಯವರು. ಕವಲೇದುರ್ಗವನ್ನು ಹಲವು ಸಲ ಹತ್ತಿ ಇಳಿದ ಅವರು ಅದರ ಸುತ್ತುಗೋಡೆಗಳನ್ನೂ ಒಂದರ ಮೇಲೊಂದರಂತೆ ಬರುವ ಬಾಗಿಲುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ತಮ್ಮದೇ ಒಂದು ಕಲ್ಪಿತ ಮಲೆರಾಜ್ಯವನ್ನು ಕಟ್ಟಿದ್ದಾರೆ. ಔರಂಗಜೇಬನಿಗೆ ಬೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ಚೆನ್ನಮ್ಮನೇ ಈ ಕಥೆಯ ಮೂಲ: ನಮ್ಮ ಆಟದ ರಾಣಿಯೂ ಓಡಿಬಂದ ರಾಜಕುಮಾರನೊಬ್ಬನನ್ನು ಕೋಟೆಯೊಳಗೆ ಇರಿಸಿಕೊಂಡಿದ್ದಾಳೆ, ಅವನನ್ನು ಅಟ್ಟಿಸಿಕೊಂಡು ಬಂದ ಪಡೆ ಮಳೆಯಲ್ಲೇ ಘಟ್ಟ ಹತ್ತುತ್ತಿದೆ.

ಎರಡನೆಯ ಭಾನುವಾರವೇ ನನ್ನ ಪಾತ್ರ ಸತ್ತುಹೋಯಿತು. ಅವನು ಎರಡು ಕೈಯ ದೊಡ್ಡ ಕತ್ತಿ ಹಿಡಿದ ಫೈಟರ್ (ಆಯುಧ, ಕವಚಗಳಲ್ಲಿ ಪಳಗಿದ ಯೋಧ). ಹೊಡೆತ ಜೋರಾಗಿರಲೆಂದು ಅಂಕಗಳನ್ನೆಲ್ಲ ಸ್ಟ್ರೆಂತ್ (ಬಲ) ಮತ್ತು ಡೆಕ್ಸ್ಟೆರಿಟಿ (ಚುರುಕುತನ) ಎಂಬ ಗುಣಗಳಿಗೆ ಸುರಿದಿದ್ದೆ, ಕಾನ್‌ಸ್ಟಿಟ್ಯೂಷನ್ (ದೇಹದ ತಾಳಿಕೆ) 10ರಲ್ಲೇ ನಿಂತಿತ್ತು. ಹೀಗಾಗಿ ಹಿಟ್ ಪಾಯಿಂಟ್ (ನಮ್ಮ ಗುಂಪಿನಲ್ಲಿ ಇದಕ್ಕೆ ‘ಪ್ರಾಣ’ ಎಂದೇ ಹೇಳುತ್ತೇವೆ, ಆ ಮಾತು ನನಗೆ ಬಹಳ ಹಿಡಿಸಿದೆ) ಬರಿಯ 10, ಚೈನ್ ಮೇಲ್ (ಲೋಹದ ಬಳೆಗಳನ್ನು ಹೆಣೆದ) ಕವಚದಿಂದ ಆರ್ಮರ್ ಕ್ಲಾಸ್ (ಏಟು ತಗಲಲು ಶತ್ರು ಮುಟ್ಟಬೇಕಾದ ಅಂಕ) 16. ನಾಲ್ಕು ಗಾಬ್ಲಿನ್‌ಗಳು (ಕುಳ್ಳ ದುಷ್ಟಜೀವಿಗಳು) ಸುತ್ತುವರಿದು ಎರಡೇ ಸುತ್ತಿನಲ್ಲಿ ಅವನನ್ನು ಕೆಡವಿದವು. ಪ್ರಜ್ಞೆ ತಪ್ಪಿ ಬಿದ್ದವನಿಗೆ ಅವುಗಳಲ್ಲೊಂದು ಹತ್ತಿರದಿಂದ ಇನ್ನೊಂದು ಏಟು ಹಾಕಿತು. ಆ ಏಟು ಎರಡು ಸೋಲುಗಳ ಲೆಕ್ಕಕ್ಕೆ ಬಂತು, ನಂತರದ ಡೆತ್ ಸೇವಿಂಗ್ ಥ್ರೋನಲ್ಲಿ (ಸಾವಿನಿಂದ ಪಾರಾಗಲು ಹಾಕುವ ದಾಳ, ಮೂರು ಸೋಲಾದರೆ ಸಾವು) ದಾಳ 7 ತೋರಿಸಿ ಮೂರನೆಯ ಸೋಲೂ ಸೇರಿಕೊಂಡಿತು. ಆ ಪಾತ್ರಕ್ಕಾಗಿ ಎರಡು ಸಂಜೆ ಕುಳಿತು ಹಿನ್ನೆಲೆ ಬರೆದಿದ್ದೆನಾದ್ದರಿಂದ ನಿಜಕ್ಕೂ ದುಃಖವಾಯಿತು.

ಗುಂಪಿನಲ್ಲಿ ಉಳಿದವರು ಒಬ್ಬ ವಿಝರ್ಡ್ (ಮಾಂತ್ರಿಕ), ಒಬ್ಬ ಕ್ಲೆರಿಕ್ (ಗಾಯ ಮಾಯಿಸುವ ಪೂಜಾರಿ), ಒಬ್ಬ ರೋಗ್ (ಕಳ್ಳಹೆಜ್ಜೆಯವ). ಎದುರು ನಿಂತು ಏಟು ತಿನ್ನುವವನು ನಾನೊಬ್ಬನೇ. ಹೊಸ ಯೋಧನನ್ನು ಫೈಟರ್ ಆಗಿಯೇ ಕಟ್ಟಬೇಕೋ, ಬಾರ್ಬೇರಿಯನ್ (ರೋಷದಿಂದ ಕಾದುವ ಕಾಡುಯೋಧ) ಆಗಿ ಕಟ್ಟಬೇಕೋ? ಅಂಕಗಳನ್ನು ಹೇಗೆ ಹಂಚಬೇಕು? ನಿಗದಿತ ಅಂಕಪಟ್ಟಿಯನ್ನಾದರೂ (15, 14, 13, 12, 10, 8) 27 ಪಾಯಿಂಟ್‌ಗಳಿಂದ ಗುಣಗಳ ಅಂಕ ಕೊಳ್ಳುವ ಕ್ರಮವನ್ನಾದರೂ ಬಳಸಲು ಅಕ್ಕ ಒಪ್ಪಿದ್ದಾರೆ.

ಇಕ್ಕೇರಿಯವ, ಸಾಗರ

ತಮ್ಮ ಪಾತ್ರದ ಮರಣಕ್ಕೆ ದುರದೃಷ್ಟ ಕಾರಣವಲ್ಲ, ಲೆಕ್ಕವೇ ಕಾರಣ. ಅದನ್ನು ಒಮ್ಮೆ ಬಿಡಿಸಿ ನೋಡಿದರೆ ಹೊಸ ಪಾತ್ರ ಹೇಗಿರಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಗಾಬ್ಲಿನ್ ಹೊಡೆಯುವಾಗ ಇಪ್ಪತ್ತು ಮುಖದ ದಾಳಕ್ಕೆ 4 ಕೂಡಿಸುತ್ತದೆ. ತಮ್ಮ ಆರ್ಮರ್ ಕ್ಲಾಸ್ 16 ಇದ್ದಾಗ ದಾಳದಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಏಟು ತಗಲುತ್ತದೆ, ಅಂದರೆ ನೂರಕ್ಕೆ 45 ಸಲ. ಒಂದು ಏಟಿನ ಸರಾಸರಿ ಹಾನಿ 5.5. ನಾಲ್ಕು ಗಾಬ್ಲಿನ್‌ಗಳು ಒಂದು ಸುತ್ತಿನಲ್ಲಿ ಸರಾಸರಿ 9.9ರಷ್ಟು ಪ್ರಾಣ ತೆಗೆಯುತ್ತವೆ, ತಮ್ಮಲ್ಲಿದ್ದದ್ದು 10. ದಾಳ ಯಾರ ಮೇಲೂ ಹಗೆ ಸಾಧಿಸಿಲ್ಲ. ಎರಡು ಸುತ್ತು ನಿಂತದ್ದೇ ಹೆಚ್ಚು.

ಈಗ ಅದೇ ಚೈನ್ ಮೇಲ್‌ನ 16ಕ್ಕೆ ಗುರಾಣಿಯ 2ನ್ನೂ, ಫೈಟರ್‌ಗೆ ಸಿಗುವ ಫೈಟಿಂಗ್ ಸ್ಟೈಲ್‌ಗಳಲ್ಲಿ (ಕಾಳಗದ ಶೈಲಿಗಳಲ್ಲಿ) ಡಿಫೆನ್ಸ್ ಆಯ್ದುಕೊಂಡರೆ ಬರುವ 1ನ್ನೂ ಕೂಡಿಸಿ ನೋಡಿ: ಆರ್ಮರ್ ಕ್ಲಾಸ್ 19 ಆಗುತ್ತದೆ. ಗಾಬ್ಲಿನ್‌ಗೆ ಇನ್ನು ದಾಳದಲ್ಲಿ 15 ಬೇಕು, ನೂರಕ್ಕೆ 30 ಸಲ ಮಾತ್ರ ತಗಲುತ್ತದೆ, ನಾಲ್ಕೂ ಸೇರಿ ಒಂದು ಸುತ್ತಿಗೆ 6.6. ಪಾತ್ರದ ಕುಲವಾಗಿ ಮೌಂಟನ್ ಡ್ವಾರ್ಫ್ (ಬೆಟ್ಟದ ಕುಬ್ಜ) ಆಯ್ದುಕೊಂಡರೆ ಸ್ಟ್ರೆಂತ್‌ಗೂ ಕಾನ್‌ಸ್ಟಿಟ್ಯೂಷನ್‌ಗೂ ಎರಡೆರಡು ಅಂಕ ಸೇರುವುದರಿಂದ, ನಿಗದಿತ ಪಟ್ಟಿಯ 15 ಮತ್ತು 14 ಕ್ರಮವಾಗಿ 17 ಮತ್ತು 16 ಆಗುತ್ತವೆ. ಮೊದಲ ಹಂತದಲ್ಲೇ ಪ್ರಾಣ 13. ಅದರ ಮೇಲೆ ಸೆಕೆಂಡ್ ವಿಂಡ್ ಇದೆ: ಸಣ್ಣ ವಿಶ್ರಾಂತಿಗೊಮ್ಮೆ, ಹತ್ತು ಮುಖದ ದಾಳದ ಅಂಕಕ್ಕೆ ತಮ್ಮ ಹಂತವನ್ನು ಕೂಡಿಸಿದಷ್ಟು ಪ್ರಾಣವನ್ನು ತಾವೇ ಮರಳಿ ಪಡೆಯಬಹುದು, ಕ್ಲೆರಿಕ್ ಕಡೆ ತಿರುಗಿ ನೋಡಬೇಕಾಗಿಲ್ಲ. ಡ್ವಾರ್ಫ್‌ನ ನಡಿಗೆ 25 ಅಡಿ ಎಂದು ಕೆಲವರು ಮೂಗು ಮುರಿಯುತ್ತಾರೆ. ಭಾರವಾದ ಕವಚ ಆ ನಡಿಗೆಯನ್ನು ಕುಗ್ಗಿಸುವುದಿಲ್ಲ ಎಂಬುದನ್ನು ಮರೆತಿರುತ್ತಾರೆ.

ಇನ್ನೊಂದು ಮಾತು, ಇದನ್ನು ಹೊಸಬರು ಕಡೆಗಣಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕವಲೇದುರ್ಗದಂತಹ ಕೋಟೆಯ ನಕ್ಷೆ ತಮ್ಮ ಮುಂದಿದೆ. ಐದಡಿ ಅಗಲದ ಬಾಗಿಲಿನಲ್ಲಿ ನಿಂತವನನ್ನು ದಾಟಿ ಗಾಬ್ಲಿನ್ ಒಳನುಗ್ಗಲು ಬರುವುದಿಲ್ಲ, ಏಕೆಂದರೆ ಶತ್ರು ನಿಂತ ಜಾಗದ ಮೂಲಕ ಸಾಗಬೇಕಾದರೆ ಇಬ್ಬರ ಗಾತ್ರದ ನಡುವೆ ಎರಡು ಅಂತರವಾದರೂ ಇರಬೇಕು. ಅಲ್ಲಿ ನಿಂತು ಡಾಡ್ಜ್ ಮಾಡಿದರೆ (ಹೊಡೆಯುವ ಬದಲು ಏಟು ತಪ್ಪಿಸಿಕೊಳ್ಳುವುದಕ್ಕೇ ಸರದಿಯನ್ನು ಬಳಸಿದರೆ) ಹೊಡೆಯುವವರು ಎರಡು ದಾಳ ಹಾಕಿ ಕಡಿಮೆಯದನ್ನೇ ತೆಗೆದುಕೊಳ್ಳಬೇಕು, ಆಗ 30 ಇದ್ದ ಸಾಧ್ಯತೆ ನೂರಕ್ಕೆ 9ಕ್ಕೆ ಇಳಿಯುತ್ತದೆ. ತಾವು ಬಾಗಿಲು ಹಿಡಿದಿರುವಾಗ ವಿಝರ್ಡ್ ಹಿಂದಿನಿಂದ ತನ್ನ ಕೆಲಸ ಮಾಡಲಿ.

ಕಂಬಳಿಕೊಪ್ಪೆ, ಹೊಸನಗರ

ಸಾಗರದವರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಆ ಲೆಕ್ಕವೆಲ್ಲ ಕವಚ ಮೈಮೇಲಿದ್ದಾಗಿನದು. ಭಾರವಾದ ಕವಚ ತೊಡಲು ನಿಯಮದ ಪ್ರಕಾರ 10 ನಿಮಿಷ ಬೇಕು, ಅದು ನೂರು ಸುತ್ತುಗಳಿಗೆ ಸಮ. ಚೈನ್ ಮೇಲ್ ತೂಕ 55 ಪೌಂಡ್, ಅಂದರೆ ಸುಮಾರು 25 ಕಿಲೋ, ಮತ್ತು ಅದನ್ನು ತೊಟ್ಟವನು ಸದ್ದಿಲ್ಲದೆ ನಡೆಯಲು ಯತ್ನಿಸಿದಾಗಲೆಲ್ಲ ಎರಡು ದಾಳಗಳಲ್ಲಿ ಕಡಿಮೆಯದನ್ನೇ ಎಣಿಸಬೇಕು. ಆಟ ನಡೆಸುವ ಅಕ್ಕ ಮಲೆನಾಡಿನವರು ಎಂದಿದ್ದೀರಿ. ಆಷಾಢದಲ್ಲಿ ಹಳ್ಳ ದಾಟಿದವರು, ಇಂಬಳ ಕಿತ್ತು ಬಿಸಾಡುತ್ತಾ ಕಾನಿನೊಳಗೆ ನಡೆದವರು ಅವರು. ಘಟ್ಟದ ಮಳೆಯಲ್ಲಿ ರಾತ್ರಿ ಹೊತ್ತು ಬಿಡಾರದ ಮೇಲೆ ದಾಳಿ ಆಗದೇ ಇರುವ ಕಥೆಯನ್ನು ಅವರು ಬರೆಯುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಮಲಗಿದ್ದಾಗ ಕವಚ ಕಳಚಿಟ್ಟಿದ್ದ ಫೈಟರ್, ಗುರಾಣಿಯೊಂದನ್ನೇ ಎತ್ತಿಕೊಂಡು ಎದ್ದರೆ ಅವನ ಆರ್ಮರ್ ಕ್ಲಾಸ್ 13ರ ಆಸುಪಾಸಿನಲ್ಲಿರುತ್ತದೆ.

ಬಾರ್ಬೇರಿಯನ್‌ಗೆ ಈ ತೊಂದರೆ ಇಲ್ಲ. ಕವಚವಿಲ್ಲದಾಗ ಅವನ ಆರ್ಮರ್ ಕ್ಲಾಸ್ ಎಂದರೆ 10ಕ್ಕೆ ಡೆಕ್ಸ್ಟೆರಿಟಿ ಮತ್ತು ಕಾನ್‌ಸ್ಟಿಟ್ಯೂಷನ್‌ಗಳ ಮಾಡಿಫೈಯರ್‌ಗಳನ್ನು (ಗುಣದ ಅಂಕಕ್ಕೆ ತಕ್ಕಂತೆ ಸಿಗುವ ಸಣ್ಣ ಕೂಡಿಕೆ) ಕೂಡಿಸಿದಷ್ಟು, ಗುರಾಣಿಯನ್ನೂ ಹಿಡಿಯಬಹುದು. 27 ಪಾಯಿಂಟ್‌ಗಳಲ್ಲಿ ಸ್ಟ್ರೆಂತ್ 15, ಡೆಕ್ಸ್ಟೆರಿಟಿ 14, ಕಾನ್‌ಸ್ಟಿಟ್ಯೂಷನ್ 14, ವಿಸ್ಡಮ್ (ಮನಸ್ಸಿನ ಎಚ್ಚರ) 12 ಕೊಂಡು, ಉಳಿದೆರಡನ್ನು 8ರಲ್ಲೇ ಬಿಡಿ. ಮೌಂಟನ್ ಡ್ವಾರ್ಫ್‌ನ ಅಂಕಗಳು ಸೇರಿದ ಮೇಲೆ ಗುರಾಣಿಯೊಡನೆ ಆರ್ಮರ್ ಕ್ಲಾಸ್ 17, ಪ್ರಾಣ 15. ರೇಜ್ (ಬಾರ್ಬೇರಿಯನ್‌ನ ರೋಷಾವೇಶ) ಬಂದಾಗ ಕಡಿತ, ತಿವಿತ, ಜಜ್ಜುವ ಏಟುಗಳ ಹಾನಿಯೆಲ್ಲ ಅರ್ಧವಾಗುತ್ತದೆ. ಸಾಗರದವರ ರೀತಿಯಲ್ಲೇ ಲೆಕ್ಕ ಹಾಕಿದರೆ ನಾಲ್ಕು ಗಾಬ್ಲಿನ್‌ಗಳು ಸುತ್ತೊಂದಕ್ಕೆ ತೆಗೆಯುವುದು 4.4, ಫೈಟರ್‌ನ 6.6ಕ್ಕಿಂತ ಸಾಕಷ್ಟು ಕಡಿಮೆ. ಮೂರನೆಯ ಹಂತದಲ್ಲಿ ಕರಡಿಯ ಟೋಟೆಮ್ (ಪ್ರಾಣಿಯ ಹೆಸರಿನ ಶಕ್ತಿ) ಆಯ್ದುಕೊಂಡರೆ ರೇಜ್‌ನಲ್ಲಿರುವಾಗ ಬೆಂಕಿ, ಮಿಂಚು, ವಿಷ ಎಲ್ಲವೂ ಅರ್ಧ. ಸೈಕಿಕ್ (ಮನಸ್ಸಿಗೆ ತಗಲುವ) ಹಾನಿಯೊಂದೇ ಪೂರ್ತಿ ತಗಲುತ್ತದೆ.

ನಾನು ಎರಡು ವರ್ಷ ಇಂತಹ ಪಾತ್ರವನ್ನೇ ಆಡಿದ್ದೇನೆ. ಅವನನ್ನು ಅಡಿಕೆ ಮರ ಹತ್ತುವ ಕೊನೆಕಾರನಾಗಿ ಕಲ್ಪಿಸಿಕೊಂಡಿದ್ದೆ: ಬರಿಮೈ, ಸೊಂಟದಲ್ಲಿ ಕತ್ತಿ, ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುವ ಧೈರ್ಯ. ಬಾರ್ಬೇರಿಯನ್ ಎಂದ ಕೂಡಲೇ ಹಿಮದ ನಾಡಿನ ತುಪ್ಪಳದವನೇ ಆಗಬೇಕೆಂದಿಲ್ಲ, ನಮ್ಮ ತೋಟದವನೂ ಆಗಬಹುದು.

ಇಕ್ಕೇರಿಯವ, ಸಾಗರ

ರಾತ್ರಿಯ ದಾಳಿಯ ಮಾತನ್ನು ಒಪ್ಪುತ್ತೇನೆ, ಅದು ನನಗೆ ಹೊಳೆದಿರಲಿಲ್ಲ. ಆದರೆ 4.4 ಎಂಬುದು ರೇಜ್ ಇರುವಾಗಿನ ಅಂಕಿ. ಮೊದಲ ಹಂತದಲ್ಲಿ ದೀರ್ಘ ವಿಶ್ರಾಂತಿಯ ನಡುವೆ ರೇಜ್ ಸಿಗುವುದು ಎರಡೇ ಸಲ. ಮೂರನೆಯ ಕಾಳಗದಲ್ಲಿ ಅದೇ ಅಂಕಿ 8.8 ಆಗುತ್ತದೆ. 2014ರ ನಿಯಮದಲ್ಲಿ, ಹಿಂದಿನ ಸರದಿಯಿಂದೀಚೆಗೆ ಶತ್ರುವನ್ನು ಹೊಡೆಯದೆಯೂ ಹಾನಿ ತಿನ್ನದೆಯೂ ತಮ್ಮ ಸರದಿ ಮುಗಿದರೆ ರೇಜ್ ಇಳಿದುಹೋಗುತ್ತದೆ. ಬಾಗಿಲಲ್ಲಿ ನಿಂತು ಡಾಡ್ಜ್ ಮಾಡುವ ಉಪಾಯಕ್ಕೂ ರೇಜ್‌ಗೂ ಹೊಂದಿಕೆಯಾಗುವುದಿಲ್ಲ. ದಿನಕ್ಕೆ ಒಂದೆರಡು ದೊಡ್ಡ ಕಾಳಗಗಳಿದ್ದರೆ ಬಾರ್ಬೇರಿಯನ್ ಸರಿ. ಮುತ್ತಿಗೆಯಂತೆ ಸಣ್ಣ ಸಣ್ಣ ಕಾಳಗಗಳು ದಿನವಿಡೀ ಬರುವುದಾದರೆ ಫೈಟರ್ ಮೇಲು. ಇದನ್ನು ಆಟ ನಡೆಸುವವರನ್ನೇ ಕೇಳಿ.

ವೀರಗಲ್ಲು, ಶಿಕಾರಿಪುರ

ನಾನು ಹಲವು ವರ್ಷಗಳಿಂದ ಆಟ ನಡೆಸುವ ಕಡೆ ಕುಳಿತವಳು, ಆದ್ದರಿಂದ ಶತ್ರುಗಳ ಪಾಲಿನ ಮಾತನ್ನು ಹೇಳುತ್ತೇನೆ.

ಆರ್ಮರ್ ಕ್ಲಾಸ್ 19 ಇರುವ ಡ್ವಾರ್ಫ್ ಎದುರಿಗೆ ನಿಂತರೆ, ಬುದ್ಧಿಯಿರುವ ಶತ್ರು ಅವನನ್ನು ಹೊಡೆಯುತ್ತಾ ಕೂರುವುದಿಲ್ಲ. ಬಯಲಿನಲ್ಲಾದರೆ ಅವನನ್ನು ಬಳಸಿಕೊಂಡು ಹೋಗಿ ವಿಝರ್ಡ್‌ನನ್ನು ಕೊಲ್ಲುತ್ತದೆ, ದೂರದಲ್ಲಿದ್ದರೆ ಬಿಲ್ಲೆತ್ತುತ್ತದೆ. ಸಂಜೆಯಿಡೀ ಒಂದು ಗೀರೂ ಬೀಳದೆ ಉಳಿದ ಯೋಧನ ಹಿಂದೆ ಮೂರು ಹೆಣಗಳು ಬಿದ್ದಿದ್ದನ್ನು ನನ್ನ ಮೇಜಿನಲ್ಲಿ ಕಂಡಿದ್ದೇನೆ. ಆ ಆಟಗಾರ ಬಹಳ ನೊಂದುಕೊಂಡ. ಅವನ ಲೆಕ್ಕ ಎಲ್ಲೂ ತಪ್ಪಿರಲಿಲ್ಲ, ತನ್ನನ್ನು ಬಿಟ್ಟು ಮುಂದೆ ಹೋಗುವುದು ಶತ್ರುವಿಗೆ ಕಷ್ಟವಾಗುವಂತೆ ಅವನು ಏನನ್ನೂ ಮಾಡಿಕೊಂಡಿರಲಿಲ್ಲ, ಅಷ್ಟೇ. ಆದ್ದರಿಂದ ನಾಲ್ಕನೆಯ ಹಂತದಲ್ಲಿ ಫೀಟ್ (ವಿಶೇಷ ಕೌಶಲ) ತೆಗೆದುಕೊಳ್ಳಲು ಅನುಮತಿಯಿದ್ದರೆ ಸೆಂಟಿನಲ್ ನೋಡಿ. ತಮ್ಮ ಬಳಿಯಿಂದ ಸರಿದು ಹೋಗುವವನಿಗೆ ಆಪರ್ಚುನಿಟಿ ಅಟ್ಯಾಕ್ (ಹಾಗೆ ಸರಿಯುವಾಗ ಹೊಡೆಯುವ ಏಟು) ತಗಲಿದರೆ ಅವನ ವೇಗ ಆ ಸರದಿಗೆ ಸೊನ್ನೆಯಾಗುತ್ತದೆ, ಡಿಸ್‌ಎಂಗೇಜ್ ಮಾಡಿದರೂ (ಎಚ್ಚರಿಕೆಯಿಂದ ಹಿಂದೆ ಸರಿದರೂ) ಅವನಿಗೆ ಬಿಡುಗಡೆಯಿಲ್ಲ. ಪಕ್ಕದ ಗೆಳೆಯನ ಮೇಲೆ ಕೈಮಾಡಿದ ಶತ್ರುವನ್ನೂ, ಅವನು ಐದಡಿಯೊಳಗಿದ್ದರೆ, ರಿಯಾಕ್ಷನ್ (ಇನ್ನೊಬ್ಬರ ಸರದಿಯಲ್ಲಿ ಮಾಡುವ ಪ್ರತಿಕ್ರಿಯೆ) ಬಳಸಿ ಹೊಡೆಯಬಹುದು. ಅದು ಬರುವತನಕ ನಾಲ್ಕೈದು ಜಾವೆಲಿನ್ (ಎಸೆಯುವ ಈಟಿ) ಇಟ್ಟುಕೊಳ್ಳಿ. ಸ್ಟ್ರೆಂತ್‌ನಿಂದಲೇ ಎಸೆಯಬಹುದಾದ ಅವು 30 ಅಡಿಯವರೆಗೆ ಚೆನ್ನಾಗಿ ಹೋಗುತ್ತವೆ, ಬಿಲ್ಲುಗಾರರೆದುರು ಕೈಕಟ್ಟಿ ನಿಲ್ಲಬೇಕಾಗುವುದಿಲ್ಲ.

ಎರಡನೆಯದು ಮನಸ್ಸಿನ ಮಾತು. ಫೈಟರ್‌ಗೂ ಬಾರ್ಬೇರಿಯನ್‌ಗೂ ಸ್ಟ್ರೆಂತ್ ಮತ್ತು ಕಾನ್‌ಸ್ಟಿಟ್ಯೂಷನ್ ಸೇವಿಂಗ್ ಥ್ರೋಗಳಲ್ಲಿ (ಅಪಾಯದಿಂದ ಪಾರಾಗಲು ಹಾಕುವ ದಾಳಗಳಲ್ಲಿ) ಪ್ರಾವೀಣ್ಯವಿದೆ, ವಿಸ್ಡಮ್‌ನಲ್ಲಿ ಇಲ್ಲ. ವಿಸ್ಡಮ್ ಸೇವಿಂಗ್ ಥ್ರೋನಲ್ಲಿ ಸೋತು ಹೋಲ್ಡ್ ಪರ್ಸನ್ ಮಂತ್ರಕ್ಕೆ ಸಿಕ್ಕವನು ಕಲ್ಲಿನಂತೆ ನಿಲ್ಲುತ್ತಾನೆ, ಆಗ ಐದಡಿಯೊಳಗಿನಿಂದ ತಗಲಿದ ಪ್ರತಿಯೊಂದು ಏಟೂ ಕ್ರಿಟಿಕಲ್ (ಹಾನಿಯ ದಾಳಗಳು ಇಮ್ಮಡಿ). ಅಷ್ಟು ಕಷ್ಟಪಟ್ಟು ಕಟ್ಟಿದ 19 ಅಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ನಿಗದಿತ ಪಟ್ಟಿಯ 13ನ್ನು ವಿಸ್ಡಮ್‌ಗೇ ಕೊಡಿ. ಚೈನ್ ಮೇಲ್ ತೊಟ್ಟವನ ಆರ್ಮರ್ ಕ್ಲಾಸ್‌ಗೆ ಡೆಕ್ಸ್ಟೆರಿಟಿ ಲೆಕ್ಕಕ್ಕಿಲ್ಲದ್ದರಿಂದ ಅದಕ್ಕೆ 12 ಸಾಕು. ಮುಂದೆ ರೆಸಿಲಿಯೆಂಟ್ ಫೀಟ್‌ನಲ್ಲಿ ವಿಸ್ಡಮ್ ಆಯ್ದುಕೊಂಡಾಗ ಆ 13 ತಾನಾಗಿ 14 ಆಗುತ್ತದೆ, ಪ್ರಾವೀಣ್ಯವೂ ಬರುತ್ತದೆ. ಫೈಟರ್‌ಗೆ ಆರನೆಯ ಹಂತದಲ್ಲಿ ಇನ್ನೊಂದು ಅವಕಾಶ ಇರುವುದರಿಂದ ಸೆಂಟಿನಲ್ ಮತ್ತು ರೆಸಿಲಿಯೆಂಟ್ ಎರಡನ್ನೂ ಬೇಗ ಪಡೆಯಬಹುದು. ನಾನು ಫೈಟರ್ ಪರ ನಿಲ್ಲಲು ಇದೇ ದೊಡ್ಡ ಕಾರಣ.

ತಮ್ಮ ಪಾತ್ರದ ಹಿನ್ನೆಲೆಗೂ ಒಂದು ಸಲಹೆಯಿದೆ. ನಮ್ಮ ತಾಲ್ಲೂಕಿನ ಬಳ್ಳಿಗಾವೆಗೆ ಒಮ್ಮೆ ಬನ್ನಿ. ಅಷ್ಟು ದೂರ ಆಗದಿದ್ದರೆ ತಮ್ಮ ಊರಿನಲ್ಲೇ ಶಿವಪ್ಪ ನಾಯಕನ ಅರಮನೆಯ ಸಂಗ್ರಹಾಲಯವಿದೆ. ಅಲ್ಲಿನ ವೀರಗಲ್ಲುಗಳ ಮುಂದೆ ನಿಧಾನವಾಗಿ ನಿಲ್ಲಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಅವನು ಕುಳಿತಿರುವುದು. ಕಾಳಗದ ಪಟ್ಟಿಯಲ್ಲಿ ಎಷ್ಟೋ ಸಲ ದನಗಳನ್ನೂ ಕೊರೆದಿರುತ್ತಾರೆ, ಏಕೆಂದರೆ ಆ ವೀರ ಸತ್ತದ್ದು ಊರ ತುರುಗಳನ್ನು ಹೊಡೆದೊಯ್ಯುವವರನ್ನು ತಡೆಯಲು ಹೋಗಿ. ತಮ್ಮ ಯೋಧನ ಬೆನ್ನ ಹಿಂದೆ ಏನಿದೆ, ಯಾರಿದ್ದಾರೆ ಎಂದು ಮೊದಲು ಬರೆಯಿರಿ. ಕಾಳಗದ ನಡುವೆ ಹಿಂದೆ ಸರಿಯಬೇಕೋ ನಿಲ್ಲಬೇಕೋ ಎಂದು ತೀರ್ಮಾನಿಸುವ ಹೊತ್ತು ಬಂದಾಗ, ಹಾಳೆಯ ಮೇಲಿನ ಯಾವ ಅಂಕಿಗಿಂತಲೂ ಆ ಒಂದು ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ.

ಘಟ್ಟದ ದಾರಿ, ಶಿವಮೊಗ್ಗ

ಮೂವರಿಗೂ ಮನಸಾರೆ ವಂದನೆಗಳು. ಅಕ್ಕನಿಗೆ ಫೋನ್ ಮಾಡಿ ದಿನಕ್ಕೆ ಎಷ್ಟು ಕಾಳಗ ಎಂದು ಕೇಳಿದೆ. ‘ಮುತ್ತಿಗೆ ಅಂದ ಮೇಲೆ ಎಣಿಸಿ ಬರುವುದಿಲ್ಲ ತಮ್ಮಾ’ ಎಂದರು. ಹಾಗಾಗಿ ಮೌಂಟನ್ ಡ್ವಾರ್ಫ್ ಫೈಟರ್ ಎಂದೇ ತೀರ್ಮಾನಿಸಿದ್ದೇನೆ: ಸ್ಟ್ರೆಂತ್ 17, ಕಾನ್‌ಸ್ಟಿಟ್ಯೂಷನ್ 16, ವಿಸ್ಡಮ್ 13, ಡೆಕ್ಸ್ಟೆರಿಟಿ 12, ಕರಿಸ್ಮಾ 10, ಇಂಟೆಲಿಜೆನ್ಸ್ 8. ಚೈನ್ ಮೇಲ್, ಗುರಾಣಿ, ಯುದ್ಧದ ಕೊಡಲಿ, ಐದು ಜಾವೆಲಿನ್. ರಾತ್ರಿ ಪಹರೆಯ ಮೊದಲ ಸರದಿಯನ್ನು ಕವಚ ಕಳಚದೆ ನಾನೇ ಮಾಡುತ್ತೇನೆಂದೂ, ನಂತರದ ಸರದಿಗಳಲ್ಲಿ ದಾಳಿಯಾದರೆ ಎಲ್ಲರೂ ಹಿಂದೆ ಸರಿದು ಬಾಗಿಲೊಳಗೆ ಬರಬೇಕೆಂದೂ ಗುಂಪಿನವರೊಡನೆ ಮಾತಾಗಿದೆ. ಹೊಸನಗರದವರ ಎಚ್ಚರಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚಲಿಲ್ಲ.

ನಿನ್ನೆ ಸಂಜೆ ಮಳೆ ಬಿಟ್ಟಿದ್ದಾಗ ಅರಮನೆಗೆ ಹೋಗಿ ಬಂದೆ. ಇಷ್ಟು ವರ್ಷ ಅದೇ ಊರಿನಲ್ಲಿದ್ದೂ ಆ ಕಲ್ಲುಗಳನ್ನು ಒಂದೊಂದಾಗಿ ನಿಂತು ನೋಡಿರಲಿಲ್ಲ. ಹಾಳೆಯ ಹಿನ್ನೆಲೆಯ ಜಾಗದಲ್ಲಿ ಈಗ ಇಷ್ಟೇ ಬರೆದಿದ್ದೇನೆ: ‘ಕೋಟೆಯ ಎರಡನೆಯ ಬಾಗಿಲಿನ ಕಾವಲುಗಾರ. ಅದರ ಒಳಗೆ, ಕೊಳದ ಪಕ್ಕದ ಮನೆಯಲ್ಲಿ, ಅವನ ತಂಗಿ ಮತ್ತು ಅವಳ ಎರಡು ಎಮ್ಮೆಗಳಿವೆ.’ ಎಮ್ಮೆಗಳ ಹೆಸರುಗಳನ್ನು ಅಕ್ಕ ಈಗಾಗಲೇ ಕೇಳಿ ಬರೆದುಕೊಂಡಿದ್ದಾರೆ.