ಪಿಕಪ್ ಮೇಲಿನ ಮಲಗುವ ಮನೆಗೆ ಯಾವ ಪ್ಯಾನೆಲ್? ಕಟ್ಟಿದವರು ಅನುಭವ ಹಂಚಿಕೊಳ್ಳಿ

ಶಿವಮೊಗ್ಗದಿಂದ:
ನನ್ನ ಬೊಲೆರೋ ಪಿಕಪ್‌ನ ಲೋಡ್ ಬಾಡಿಯ ಮೇಲೆ ಕೂರುವಂತೆ ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲ, ಆರು ಅಡಿ ಎತ್ತರದ ಮಲಗುವ ಮನೆಯೊಂದನ್ನು ನಾನೇ ಕಟ್ಟಿಕೊಳ್ಳಲು ಹೊರಟಿದ್ದೇನೆ. ನೆಲ, ಚಾವಣಿ ಸೇರಿ 273 ಚದರ ಅಡಿ ಬೇಕು. ಮಳೆಗಾಲದ ಆಗುಂಬೆಗೂ ಏಪ್ರಿಲ್‌ನ ಹಂಪಿಗೂ ಹೊಂದಬೇಕಾದರೆ 50 ಮಿ.ಮೀ. ಪಫ್ ಪ್ಯಾನೆಲ್‌ನಲ್ಲಿ (ಎರಡು ಹೊದಿಕೆಗಳ ನಡುವೆ ಪಾಲಿಯುರೆಥೇನ್ ಫೋಮ್ ತುಂಬಿದ ಹಲಗೆ) ತಗಡಿನ ಹೊದಿಕೆಯದು ಒಳ್ಳೆಯದೋ, ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಹೊದಿಕೆಯದೋ?

ಹುಬ್ಬಳ್ಳಿಯಿಂದ:
ಯಾವುದನ್ನಾದರೂ ಕೊಳ್ಳಿ, ಹಳೆಯದನ್ನು ಮಾತ್ರ ಕೊಳ್ಳಬೇಡಿ. ಬ್ಯಾಡಗಿಯ ಕಡೆ ಮೆಣಸಿನಕಾಯಿ ಇಡುತ್ತಿದ್ದ ಕೋಲ್ಡ್ ಸ್ಟೋರೇಜೊಂದನ್ನು ಕೆಡವಿದಾಗ 80 ಮಿ.ಮೀ. ಪ್ಯಾನೆಲ್‌ಗಳನ್ನು ಚದರ ಅಡಿಗೆ 60 ರೂಪಾಯಿಯಂತೆ 310 ಅಡಿ ತಂದೆ. 18,600 ರೂಪಾಯಿ ಅದಕ್ಕೆ, ಸಾಗಣೆಗೆ 4,500 ಬೇರೆ. ಎರಡೂ ಬದಿಗೆ ಅರ್ಧ ಮಿ.ಮೀ. ತಗಡು, ನಡುವೆ ಫೋಮ್ ಎಂದು ಲೆಕ್ಕ ಹಾಕಿದರೆ ಇಡೀ ಮನೆಗೆ 280 ಕೆ.ಜಿ. ಆಗಬೇಕಿತ್ತು, ವೇ ಬ್ರಿಜ್‌ನಲ್ಲಿ 372 ಬಂದಿತು. ಒಂದು ತುಂಡನ್ನು ಸೀಳಿ ಹಿಂಡಿದಾಗ ಫೋಮ್‌ನಿಂದ ಕಂದು ಬಣ್ಣದ ನೀರು ನನ್ನ ಮುಂಗೈ ತನಕ ಇಳಿಯಿತು. ವರ್ಷಗಟ್ಟಲೆ ಕೊಠಡಿಯ ತಂಪಿಗೆ ಹೊರಗಿನ ತೇವ ಸಂದಿಗಳಲ್ಲಿ ನುಸುಳಿ ಅಲ್ಲೇ ನಿಂತಿತ್ತು. ನೀರು ಹೊಕ್ಕ ಫೋಮ್ ಶಾಖವನ್ನೂ ತಡೆಯುವುದಿಲ್ಲ. ನನ್ನದೂ ಐದೂವರೆ ಅಡಿ ಅಗಲದ್ದೇ. ಎರಡೂ ಗೋಡೆಗಳು ಹದಿನಾರು ಸೆಂ.ಮೀ. ನುಂಗಿದ ಮೇಲೆ ಐದು ಅಡಿ ಎತ್ತರದ ನನ್ನ ಹೆಂಡತಿಗೂ ಅಡ್ಡಲಾಗಿ ಕಾಲು ಚಾಚಲು ಜಾಗ ಉಳಿಯಲಿಲ್ಲ. ಬಿಸಿಲೇರಿದರೆ ಇಂದಿಗೂ ಒಳಗೆ ಮೆಣಸಿನಕಾಯಿಯ ಘಾಟು.

ಮಂಗಳೂರಿನಿಂದ:
ತಗಡಿನ ಮಾತೇ ಬೇಡ. ನಮ್ಮ ಕಡಲ ಗಾಳಿಗೆ ಕತ್ತರಿಸಿದ ಅಂಚಿನಿಂದ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ನಾನು 50 ಮಿ.ಮೀ. ಎಫ್‌ಆರ್‌ಪಿ ಪ್ಯಾನೆಲ್ ತರಿಸಿದೆ: ಚದರ ಅಡಿಗೆ 285 ರೂಪಾಯಿ, 290 ಅಡಿಗೆ 82,650. ಪಿಯು (ಪಾಲಿಯುರೆಥೇನ್) ಅಂಟಿನ 34 ಟ್ಯೂಬುಗಳಿಗೆ 16,320. ಒಳಗೆ ಒಂದೇ ಒಂದು ಕಬ್ಬಿಣದ ಪೈಪಿಲ್ಲ. ಮೂಲೆಗಳಿಗೂ ಎಫ್‌ಆರ್‌ಪಿ ಕೋನಪಟ್ಟಿಯೇ. ಪ್ಯಾನೆಲ್‌ಗಳ ತೂಕ 165 ಕೆ.ಜಿ. ನಾನು ಮಾಡಿದ ತಪ್ಪು ಒಂದೇ: ಚಾವಣಿಗೆ ಕಡು ಹಸಿರು ಬಣ್ಣ ಹೊಡೆಸಿದೆ. ಬಳ್ಳಾರಿಯ ಮೇ ಬಿಸಿಲಿನಲ್ಲಿ ಮೇಲ್ಹೊದಿಕೆ ಫೋಮ್ ಬಿಟ್ಟು ತಟ್ಟೆಯಗಲ ಉಬ್ಬಿತು. ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಸದ್ದಾಗುತ್ತಿತ್ತು. ಹೊಸ ಚಾವಣಿಗೆ 14,250 ತೆತ್ತು ಬಿಳಿ ಬಣ್ಣ ಹೊಡೆಸಿದೆ. ಆಮೇಲೆ ಮೂರು ಬೇಸಿಗೆ ಕಳೆದಿವೆ, ಏನೂ ಆಗಿಲ್ಲ.

ಪೀಣ್ಯದಿಂದ:
ಬರೀ ಅಂಟಿನ ಮೇಲೆ ನಿಂತ ಮನೆಯಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಶಿರಾಡಿ ಘಾಟ್ ಇಳಿಯುವ ಧೈರ್ಯ ನನಗಿಲ್ಲ. ನಾನು ಒಂದೂವರೆ ಇಂಚಿನ ಚೌಕ ಪೈಪಿನ ಚೌಕಟ್ಟು ಬೆಸುಗೆ ಹಾಕಿ, ಹೊರಗೆ ಅಲ್ಯೂಮಿನಿಯಂ ಹಾಳೆಗೆ ರಿವೆಟ್ ಹೊಡೆದೆ. ಮೊದಲು ಥರ್ಮೊಕೋಲ್ ತುಂಬಲು ಹೋಗಿ 6,200 ರೂಪಾಯಿ ಕಳೆದುಕೊಂಡೆ. ಮರಗೆಲಸದ ರಬ್ಬರ್ ಅಂಟು ತಗುಲಿದ ಕಡೆಯೆಲ್ಲ ಹಲಗೆ ಕರಗಿ ಗುಳಿ ಬಿದ್ದಿತು. ಆಮೇಲೆ ಎಕ್ಸ್‌ಪಿಎಸ್ (ಥರ್ಮೊಕೋಲ್ ಜಾತಿಯದೇ, ಒತ್ತಾದ ಗಟ್ಟಿ ಫೋಮ್) ಹಲಗೆ ಹಾಕಿ, ಅದಕ್ಕೆ ಒಗ್ಗುವ ಅಂಟನ್ನೇ ಬಳಸಿದೆ. ಮಡಿಕೇರಿಯಲ್ಲಿ ಒಂದು ಮುಂಜಾನೆ ಎದ್ದು ನೋಡಿದರೆ ಒಳಗೋಡೆಯ ಮೇಲೆ ಪೈಪು ಎಲ್ಲೆಲ್ಲಿ ಹಾದಿದೆಯೋ ಅಲ್ಲಲ್ಲೇ ಗೆರೆ ಎಳೆದಂತೆ ನೀರಹನಿಗಳು ಸಾಲುಗಟ್ಟಿದ್ದವು. ಕಬ್ಬಿಣವು ಫೋಮ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಪ್ರತಿ ಪೈಪಿನ ಒಳಮೈಗೂ 10 ಮಿ.ಮೀ. ಪಟ್ಟಿ ಅಂಟಿಸಲು 3,800 ರೂಪಾಯಿ, ಮೂರು ಭಾನುವಾರ ಹೋದವು. ಈಗ ಗೋಡೆ ಒಣಗಿಯೇ ಇರುತ್ತದೆ.

ಮಂಗಳೂರಿನಿಂದ:
ತಮ್ಮ ರಿವೆಟ್‌ಗಳ ವಿಷಯ ಹೇಳಲಿಲ್ಲವಲ್ಲ. ಒಂಬತ್ತು ಅಡಿ ಅಲ್ಯೂಮಿನಿಯಂ ಹಾಳೆ ನಲವತ್ತು ಡಿಗ್ರಿ ವ್ಯತ್ಯಾಸಕ್ಕೆ ಎರಡೂವರೆ ಮಿ.ಮೀ. ಹಿಗ್ಗುತ್ತದೆ. ತೂತುಗಳು ಅಂಡಾಕಾರಕ್ಕೆ ತಿರುಗಿ ನೀರು ಒಳಗಿಳಿಯುತ್ತಿಲ್ಲವೇ? ಅಂಟು ಆ ಹಿಗ್ಗನ್ನು ತಾಳಿಕೊಳ್ಳುತ್ತದೆ. ದೊಡ್ಡ ಬಸ್ಸುಗಳ ಗಾಜನ್ನು ಅಂಟಿನಿಂದಲೇ ಕೂರಿಸುತ್ತಾರೆ ಎಂಬುದು ಪೀಣ್ಯದಲ್ಲಿರುವ ತಮಗೆ ತಿಳಿಯದ್ದಲ್ಲ.

ಪೀಣ್ಯದಿಂದ:
ಎರಡು ಕಡೆ ಸೋರಿತ್ತು, ಸರಿಪಡಿಸಿದ್ದೇನೆ, ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ತಾವು ಪಫ್ ಗೋಡೆಗೆ ತಾಗಿಸಿ ಗ್ಯಾಸ್ ಒಲೆ ಇಟ್ಟಿರುವ ಚಿತ್ರವನ್ನು ಹಿಂದೆ ಹಾಕಿದ್ದಿರಿ. ಪಫ್‌ಗೆ ಬೆಂಕಿ ಬಿದ್ದರೆ ಹೊಗೆಯಲ್ಲಿ ಸಯನೈಡ್ ಅನಿಲವೂ ಬರುತ್ತದೆ. ಹೊಸಬರು ಅದನ್ನು ನೋಡಿ ಹಾಗೇ ಮಾಡುತ್ತಾರೆ.

ಮಂಗಳೂರಿನಿಂದ:
ಒಲೆಯ ಹಿಂದೆ ಸ್ಟೀಲ್ ಹಾಳೆಯಿದೆ, ಅದರ ಹಿಂದೆ ಒಂದು ಇಂಚು ಗಾಳಿಯ ಸಂದಿಯಿದೆ. ಎಕ್ಸ್‌ಪಿಎಸ್ ಉರಿಯುವುದಿಲ್ಲವೇ? ಚಿತ್ರ ನೋಡಿ ತೀರ್ಪು ಕೊಡಬೇಡಿ.

ಮೈಸೂರಿನಿಂದ:
ಪ್ಯಾನೆಲ್‌ಗೆ ಮುಂಗಡ ಕೊಡುವ ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಬನ್ನಿ. ತಯಾರಕರು ಮೊದಲು ನಮೂದಿಸಿದ ವಿವರಗಳಿಗಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ನಾನು 1,40,000 ರೂಪಾಯಿ ಸುರಿದು ಚಾಸಿಗೇ ಬೋಲ್ಟ್ ಹಾಕಿದ ಬಾಡಿಯನ್ನು ಎಫ್‌ಸಿ (ವಾಹನದ ಅರ್ಹತಾ ಪತ್ರ) ಸಮಯದಲ್ಲಿ ಬಿಚ್ಚಬೇಕಾಯಿತು. ಈಗ ಅದು ತೋಟದಲ್ಲಿ ಗೊಬ್ಬರದ ಚೀಲ ಇಡುವ ಕೋಣೆ.

ಹುಬ್ಬಳ್ಳಿಯಿಂದ:
ಅವರು ಕೇಳಿದ್ದು ಪ್ಯಾನೆಲ್, ಕಾಯ್ದೆಯಲ್ಲ. ಲೋಡ್ ಬಾಡಿಯ ಮೇಲೆ ಕೂರಿಸಿ ಪಟ್ಟಿ ಬಿಗಿದದ್ದು ಸರಕು, ಮಾರ್ಪಾಡಲ್ಲ.

ಮೈಸೂರಿನಿಂದ:
ಈ ಮಾತನ್ನು ತಡೆದು ನಿಲ್ಲಿಸಿದ ಅಧಿಕಾರಿಯ ಮುಂದೆ ಹೇಳಿ ನೋಡಿ. ನಾನು ಹೇಳಿ ನೋಡಿದ್ದೇನೆ.

ಶಿವಮೊಗ್ಗದಿಂದ:
ಎಲ್ಲರಿಗೂ ಕೃತಜ್ಞತೆಗಳು. ಆಗುಂಬೆಯ ಮಳೆಗೆ ತಗಡೋ ಎಫ್‌ಆರ್‌ಪಿಯೋ ಎಂಬುದನ್ನು ಇನ್ನೂ ತೀರ್ಮಾನಿಸಲಾಗಿಲ್ಲ.

ಹುಬ್ಬಳ್ಳಿಯಿಂದ:
ಹಳೆಯದು ಬೇಡವೆಂದು ಮತ್ತೆ ಹೇಳುತ್ತೇನೆ. ಉಳಿದ 37 ಚದರ ಅಡಿಯ ತುಂಡುಗಳು ನನ್ನ ಹಿತ್ತಲಿನಲ್ಲಿವೆ. ಒಮ್ಮೆ ಬಂದು ಕೈಯಾರೆ ಎತ್ತಿ ನೋಡಿ, ಆಮೇಲೆ ಹೊಸದನ್ನು ಕೊಳ್ಳಲು ಹೋಗಿ.