ವಿದ್ಯುತ್ ದೀಪಗಳಿದ್ದ ಟೈಟಾನಿಕ್‌ನಲ್ಲಿ ‘ಲ್ಯಾಂಪ್ ಟ್ರಿಮ್ಮರ್’ ಏಕಿದ್ದ?

ಶಿವಮೊಗ್ಗದ ಓದುಗಿ ಕೇಳಿದ್ದು:

ಟೈಟಾನಿಕ್ ಸಿಬ್ಬಂದಿಯ ಪಟ್ಟಿ ನೋಡುತ್ತಿದ್ದೆ. ಸ್ಯಾಮ್ಯುಯೆಲ್ ಹೆಮ್ಮಿಂಗ್ ಎಂಬವನ ಹೆಸರಿನ ಮುಂದೆ ‘ಲ್ಯಾಂಪ್ ಟ್ರಿಮ್ಮರ್’ ಎಂದಿದೆ. ಸುಮಾರು 10,000 ವಿದ್ಯುತ್ ಬಲ್ಬುಗಳಿದ್ದ ಹಡಗಿನಲ್ಲಿ ಎಣ್ಣೆದೀಪದವನಿಗೆ ಏನು ಕೆಲಸ? ನಮ್ಮ ಮನೆಯಲ್ಲಿ ಟ್ರಿಮ್ಮರ್ ಎಂದರೆ ಗಡ್ಡ ಕತ್ತರಿಸುವ ಯಂತ್ರ. ಅದೇ ಪಟ್ಟಿಯಲ್ಲಿ ಬರೀ ‘ಟ್ರಿಮ್ಮರ್’ ಎಂದು ಹತ್ತಾರು ಜನರಿದ್ದಾರೆ. ಅವರೆಲ್ಲರೂ ದೀಪದವರೇ?

ಭದ್ರಾವತಿಯ ಬಾಯ್ಲರ್ ಕೆಲಸಗಾರ:

ಅಲ್ಲ. ಬರೀ ಟ್ರಿಮ್ಮರ್ ಎಂದರೆ ಕಲ್ಲಿದ್ದಲಿನವನು. ಕಲ್ಲಿದ್ದಲನ್ನು ತಳ್ಳುಗಾಡಿಯಲ್ಲಿ ಬಾಯ್ಲರ್ ಬಾಯಿಯ ಮುಂದೆ ತಂದು ಸುರಿಯಬೇಕು, ಹಡಗು ಒಂದು ಕಡೆಗೆ ವಾಲದಂತೆ ಉಳಿದ ರಾಶಿಯನ್ನು ಸಮ ಮಾಡುತ್ತಿರಬೇಕು. ಹಡಗಿನ ಅತಿ ಕೊಳಕು ಕೆಲಸ. ದೀಪದವನ ವಿಷಯವನ್ನು ಸಮುದ್ರ ಕಂಡವರು ಹೇಳಲಿ.

ನಿವೃತ್ತ ನಾವಿಕ, ಮಂಗಳೂರು:

ಸಮುದ್ರ ಕಂಡವನು ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

ನಾನು ಹತ್ತಿದ ಮೊದಲ ಹಡಗಿನ ಮೂತಿಯ ಕಡೆ ಒಂದು ಸಣ್ಣ ಕೋಣೆಯಿತ್ತು. ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ‘ಲ್ಯಾಂಪ್ ರೂಮ್’. ಒಳಗೆ ನೋಡಿದರೆ ಬಣ್ಣದ ಡಬ್ಬಿ, ಹಗ್ಗದ ಸುರುಳಿ. ಮೂಲೆಯ ಕಪಾಟಿನಲ್ಲಿ ಮಾತ್ರ ಐದು ತಾಮ್ರದ ಸೀಮೆಎಣ್ಣೆ ದೀಪಗಳು. ಬೀಗದ ಕೈ ಇದ್ದದ್ದು ಕಸಬ್ ಬಳಿ. ಭಾರತೀಯ ಖಲಾಸಿಗಳಿದ್ದ ಹಡಗುಗಳಲ್ಲಿ ಆಳುಗಳ ಮೇಲೆ ಸಾರಂಗ, ಅವನ ಕೈಕೆಳಗೆ ತಾಂಡೇಲ ಇದ್ದಂತೆ ಉಗ್ರಾಣಕ್ಕೆ ಕಸಬ್. ದೀಪಗಳೂ ಅವನ ಪಾಲಿಗೇ. ವಿದ್ಯುತ್ ಬಂದು ಎಷ್ಟೋ ವರ್ಷವಾಗಿದ್ದರೂ ಆತ ಆ ಐದು ದೀಪಗಳನ್ನು ವಾರಕ್ಕೊಮ್ಮೆ ಇಳಿಸಿ, ಒರೆಸಿ, ಹೊತ್ತಿಸಿ ನೋಡುತ್ತಿದ್ದ. ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಅದೇ. ಡೈನಮೋ ಕೈಕೊಟ್ಟ ರಾತ್ರಿ ಹಡಗು ಕುರುಡಾಗಬಾರದು.

ಸೂರ್ಯ ಮುಳುಗಿದಾಗಿನಿಂದ ಹುಟ್ಟುವವರೆಗೆ ಎಡಬದಿಯಲ್ಲಿ ಕೆಂಪು, ಬಲಬದಿಯಲ್ಲಿ ಹಸಿರು, ಉಗಿಹಡಗಾದರೆ ಕಂಬದ ಮೇಲೆ ಬಿಳಿ. ಆ ಕಾಲದ ನಿಯಮದಂತೆ ಬದಿಯ ದೀಪಗಳು 2 ಮೈಲಿ, ಕಂಬದ ದೀಪ 5 ಮೈಲಿ ದೂರಕ್ಕೆ ಕಾಣಬೇಕು. ಎದುರಿನ ಹಡಗಿನವನು ನಿಮ್ಮನ್ನು ಕಾಣುವುದಿಲ್ಲ, ಈ ಬಣ್ಣಗಳನ್ನು ಕಾಣುತ್ತಾನೆ. ಕೆಂಪು ಕಂಡರೆ ನಿಮ್ಮ ಎಡಬದಿ ತನ್ನ ಕಡೆಗಿದೆ ಎಂದು ಲೆಕ್ಕ ಹಾಕುತ್ತಾನೆ. ಬತ್ತಿ ಹೊಗೆಯಾಡಿ ಗಾಜಿಗೆ ಮಸಿ ಹಿಡಿದರೆ ಆ ಲೆಕ್ಕವೇ ತಪ್ಪುತ್ತದೆ.

ಎಣ್ಣೆಯ ಜ್ವಾಲೆ ಹಳದಿ, ಅದರಲ್ಲಿ ನೀಲಿಯ ಅಂಶ ಕಡಿಮೆ. ಅದಕ್ಕೇ ಆ ಕಾಲದ ‘ಹಸಿರು’ ಗಾಜನ್ನು ಹಗಲಲ್ಲಿ ಕೈಯಲ್ಲಿ ಹಿಡಿದರೆ ನೀಲಿ ಬೆರೆತಂತೆ ಕಾಣುತ್ತದೆ. ಹಿಂದೆ ದೀಪ ಹಚ್ಚಿದಾಗಲೇ ಅದು ಹಸಿರಾಗುವುದು. ಕಸಬ್ ಇದನ್ನು ತೋರಿಸಿದ ದಿನ ನನಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ, ಮಾಯಾಜಾಲ ನೋಡಿದಂತೆ ನಿಂತಿದ್ದೆ.

ಟ್ರಿಮ್ಮಿಂಗ್ ಎಂದರೆ ಬತ್ತಿಯ ಕರಕನ್ನು ಕತ್ತರಿಸುವುದು. ಬೆಳಿಗ್ಗೆ ದೀಪಗಳನ್ನು ಇಳಿಸು, ಗಾಜು ಒರೆಸು, ಎಣ್ಣೆ ತುಂಬು, ಬತ್ತಿ ಕತ್ತರಿಸು; ಸಂಜೆ ಮತ್ತೆ ಏರಿಸು. ಬ್ರಿಟಿಷ್ ಹಡಗುಗಳಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ಲ್ಯಾಂಪ್ಸ್’ ಎಂದೇ ಕರೆಯುತ್ತಿದ್ದರು.

ಈಗ ನಿಮ್ಮ ಹೆಮ್ಮಿಂಗ್. 1912ರ ಏಪ್ರಿಲ್ 14ರ ಸಂಜೆ ಸುಮಾರು 7.15ಕ್ಕೆ ದೀಪಗಳೆಲ್ಲ ಸರಿಯಾಗಿವೆ ಎಂದು ಒಪ್ಪಿಸಲು ಹೋದ. ಫಸ್ಟ್ ಆಫೀಸರ್ ಮರ್ಡಾಕ್ ಅವನಿಗೆ ಇನ್ನೊಂದು ಕೆಲಸ ಹಚ್ಚಿದ: ಮುಂಭಾಗದ ಕಿಂಡಿಯಿಂದ ಬೆಳಕು ಬರುತ್ತಿದೆ, ಅದನ್ನು ಮುಚ್ಚು, ಬ್ರಿಡ್ಜ್‌ನ (ಹಡಗು ನಡೆಸುವ ಅಧಿಕಾರಿಗಳು ನಿಲ್ಲುವ ಜಾಗ) ಮುಂದೆ ಎಲ್ಲವೂ ಕತ್ತಲಾಗಿರಬೇಕು. ಹಿಮದ ನೀರಿನತ್ತ ಹೋಗುತ್ತಿದ್ದ ಹಡಗು; ಕಾವಲಿನವನ ಕಣ್ಣಿಗೆ ಚೂರು ಬೆಳಕು ಬಿದ್ದರೂ ದೂರದ್ದು ಕಾಣುವುದಿಲ್ಲ. ದೀಪದವನೇ ಹೋಗಿ ಕತ್ತಲೆ ಮಾಡಿ ಬಂದ. ನನ್ನ ಮಟ್ಟಿಗೆ ಆ ಕಸುಬಿನ ತಿರುಳು ಇದು. ಎಲ್ಲಿ ಬೆಳಕಿರಬಾರದು ಎಂಬುದನ್ನೂ ಅವನೇ ನೋಡಬೇಕು.

ಹಡಗು ಹಿಮಗಡ್ಡೆಗೆ ಬಡಿದಾಗ ಹೆಮ್ಮಿಂಗ್ ಮಲಗಿದ್ದ. ಮೂತಿಯ ಟ್ಯಾಂಕಿನ ಕೊಳವೆಯಿಂದ ಗಾಳಿ ಸುಯ್ಯೆಂದು ಹೊರಡುವುದು ಕೇಳಿ, ನೀರು ನುಗ್ಗುತ್ತಿದೆ ಎಂದು ಚೀಫ್ ಆಫೀಸರ್‌ಗೆ ತಿಳಿಸಿ, ಮತ್ತೆ ಹೋಗಿ ಮಲಗಿದ! (ನಾನೂ ಮಲಗುತ್ತಿದ್ದೆನೇನೋ. ಇಷ್ಟು ದೊಡ್ಡ ಹಡಗು ಮುಳುಗುತ್ತದೆ ಎಂದು ಯಾರು ನಂಬಿಯಾರು?) ಆಮೇಲೆ ದೋಣಿಗಳಿಗೆ ದೀಪ ತರಲು ಅಪ್ಪಣೆಯಾಯಿತು. ಕೈಗೆ ಎರಡರಂತೆ ಒಮ್ಮೆಗೆ ನಾಲ್ಕು ದೀಪ ಹೊತ್ತಿಸಿ ತಂದು ಕೊಟ್ಟ. ಕೊನೆಗೆ ಹಗ್ಗ ಹಿಡಿದು ನೀರಿಗಿಳಿದು, ಲೈಫ್‌ಬೆಲ್ಟ್ ಇಲ್ಲದೆ ಸುಮಾರು 200 ಗಜ ಈಜಿ 4ನೇ ದೋಣಿ ಸೇರಿ ಬದುಕಿಕೊಂಡ.

ಮಲ್ಪೆಯ ಮೊಮ್ಮಗ:

ಸರ್, ನಮ್ಮ ಅಜ್ಜ ಮಂಗಳೂರಿನ ಹಳೇ ಬಂದರಿನಿಂದ ಹೊರಡುತ್ತಿದ್ದ ಮಂಜಿಗಳಲ್ಲಿ (ಸರಕು ಸಾಗಿಸುವ ಮರದ ಹಡಗುಗಳು) ಇದ್ದವರು. ಅಲ್ಲಿ ಪ್ರತ್ಯೇಕ ದೀಪದವನು ಇರಲಿಲ್ಲ. ಲಾಟೀನು ಕಟ್ಟುವುದು ಅಡುಗೆ ಹುಡುಗನ ಕೆಲಸ, ಆರಿದರೆ ಬೈಗುಳವೂ ಅವನಿಗೇ. ಅಜ್ಜ ಆ ಹುಡುಗನಾಗಿದ್ದರಂತೆ. ಮನೆಯಲ್ಲಿ ಕರೆಂಟು ಬಂದ ಮೇಲೂ ಅಂಗಿಯ ತೋಳಿನಿಂದ ಬಲ್ಬು ಒರೆಸುತ್ತಿದ್ದರು.

ಶಿವಮೊಗ್ಗದ ಓದುಗಿ:

ಧನ್ಯವಾದ ಸರ್. ಇನ್ನೊಂದು ಚಿಕ್ಕ ಪ್ರಶ್ನೆ. ನಮ್ಮಲ್ಲೊಂದು ಹಳೆಯ ಲಾಟೀನು ಇದೆ. ಮಳೆಗಾಲದಲ್ಲಿ ಹಚ್ಚಿದರೆ ಚಿಮಣಿಯ ಒಂದೇ ಬದಿಗೆ ಮಸಿ ಹಿಡಿಯುತ್ತದೆ. ಬತ್ತಿ ಹೊಸದೇ.

ನಿವೃತ್ತ ನಾವಿಕ, ಮಂಗಳೂರು:

ಬತ್ತಿ ಓರೆಯಾಗಿದೆ ಅಮ್ಮಾ. ಒಂದು ಬದಿ ಎತ್ತರವಾದರೆ ಜ್ವಾಲೆಗೆ ಕೊಂಬು ಮೂಡುತ್ತದೆ, ಆ ಕೊಂಬೇ ಹೊಗೆಯಾಡುವುದು. ಹರಿತವಾದ ಕತ್ತರಿಯಿಂದ ನೇರವಾಗಿ ಕತ್ತರಿಸಿ, ಆಮೇಲೆ ಎರಡೂ ಮೂಲೆಗಳನ್ನು ಕೂದಲೆಳೆಯಷ್ಟು ಸವರಿ. ಹಚ್ಚಿದ ಕೂಡಲೇ ಎತ್ತರಿಸಬೇಡಿ, ಗಾಜು ಬೆಚ್ಚಗಾಗಲಿ. ಮತ್ತೆ ಮಸಿ ಬಂದರೆ ಜ್ವಾಲೆಯ ಫೋಟೋ ಹಾಕಿ, ನೋಡುತ್ತೇನೆ.